ಹಾಲು ಒಡೆದಿದೆ, ಕೆಳಗಿನವರಿಗೆ ಹೇಳು

"ಹಾಲು ಒಡೆದಿದೆಯಾ ಅಂತ ನೋಡ್ತಿದ್ದೀರಾ ಮೇಡಂ?"

ಮಾತು ಬಂದದ್ದು ಬೆನ್ನ ಹಿಂದಿನಿಂದ. ಗಾಜಿನ ಕಪಾಟಿನ ಮುಂದೆ ಬಗ್ಗಿದ್ದ ಕಡತದಮ್ಮ ಬಗ್ಗಿದಂತೆಯೇ ಉಳಿದಳು. ಏಳಲು ಮಂಡಿ ಒಪ್ಪಲಿಲ್ಲ. ಒಪ್ಪಿದ್ದರೂ, ಆ ಮಾತು ಕೇಳಿದ ಮೇಲೆ ಆಕೆ ಏಳುತ್ತಿರಲಿಲ್ಲ.

"ಏನಂದ್ರಿ?"

"ಹಾಲು ಅಂದೆ." ತೊಟ್ಟಿಯ ಬಳಿ ನಿಂತಿದ್ದ ಹೆಂಗಸು ಒದ್ದೆ ಕೈ ಒರೆಸಿಕೊಂಡಳು. ಈ ಪ್ರಯೋಗಾಲಯದ ಗಾಜನ್ನೆಲ್ಲ ಹದಿನೆಂಟು ವರ್ಷದಿಂದ ತೊಳೆಯುತ್ತಿರುವವಳು. ಎಲ್ಲರಿಗೂ ಅವಳು ಸೀಸೆಯಕ್ಕ. "ಈ ಬಿಳಿ ನೀರಿಗೆ ನಾವು ಹಾಗೇ ಅನ್ನೋದು. ಕಾಗದದಲ್ಲಿ ಉದ್ದ ಹೆಸರಿದೆ, ನನ್ನ ಬಾಯಿಗೆ ಹಿಡಿಸಲ್ಲ."

"ನಾವು ಅಂದ್ರೆ ಯಾರು?"

"ನಾನು, ಮೇಷ್ಟ್ರು, ಕಡಗೋಲು. ಮೂರೇ ಜನ. ಈಗ ಇಬ್ಬರು."

ಕಡಗೋಲು ಅಂದರೆ ಸತ್ತವನು. ಮಿಶ್ರಣದ ಯಂತ್ರ ನಡೆಸುತ್ತಿದ್ದುದರಿಂದ ಅಂಟಿದ ಅಡ್ಡಹೆಸರು. ಎಣ್ಣೆಬಾವಿಯ ಪಕ್ಕದ ಗುಂಡಿಯಲ್ಲಿ ಅವನು ಉಸಿರುಗಟ್ಟಿ ಸತ್ತು ಇವತ್ತಿಗೆ ಒಂಬತ್ತು ದಿನ. ಗ್ಯಾಸ್ ಅಳೆಯುವ ಮೀಟರ್ ಒಯ್ಯದೆ ಇಳಿದ ಎಂದು ಕಂಪನಿ ಬರೆದುಕೊಟ್ಟಿತ್ತು. ಕಾರಣದ ಕಾಲಂನಲ್ಲಿ ಒಂದೇ ಪದ: ಅಜಾಗರೂಕತೆ. ಇವತ್ತು ಸಂಜೆ ಐದಕ್ಕೆ ಅದರ ಕೆಳಗೆ ಕಡತದಮ್ಮನ ಸಹಿ ಬೀಳಬೇಕು. ಐದಕ್ಕೇ ಆ ಗುಂಡಿಗೆ ಸಿಮೆಂಟೂ ಬೀಳುತ್ತದೆ. ನಾಳೆ ಬೆಳಿಗ್ಗೆ ಪಂಪು ಮತ್ತೆ ಶುರು.

ಕೆಲಸದ ಜಾಗದಲ್ಲಿ ಸತ್ತವರು ಯಾಕೆ ಸತ್ತರೆಂದು ಬರೆಯುವುದು ಆಕೆಯ ಉದ್ಯೋಗ. ಇಪ್ಪತ್ತೆರಡು ವರ್ಷದಿಂದ ಕಂಕುಳಲ್ಲಿ ಕಡತ ಇಟ್ಟುಕೊಂಡೇ ಓಡಾಡಿ, ಕಡತದಮ್ಮ ಎಂದು ಕರೆಸಿಕೊಂಡವಳು. ಅಜಾಗರೂಕತೆ ಎಂಬ ಪದವನ್ನು ಎಷ್ಟು ಸಲ ಬರೆದಿದ್ದಳೆಂದರೆ, ಪೆನ್ನು ತಾನಾಗಿಯೇ ಆ ಕಡೆ ವಾಲುತ್ತಿತ್ತು. ಸತ್ತವನು ಎದುರಾಡುವುದಿಲ್ಲ, ಹಾಗಾಗಿ ಆ ಪದ ಯಾವಾಗಲೂ ಅವನ ಎದೆಯ ಮೇಲೆಯೇ ಹೋಗಿ ಕೂರುತ್ತದೆ. ಯಂತ್ರ ಅಜಾಗರೂಕವಾಗಿತ್ತು ಎಂದು ಆಕೆ ಓದಿದ ಯಾವ ಕಡತವೂ ಹೇಳಿರಲಿಲ್ಲ. ಒಡೆಯರು ಅಜಾಗರೂಕರಾಗಿದ್ದರು ಎಂದು ಹೇಳುವ ಕಡತ ಇನ್ನೂ ಹುಟ್ಟಿರಲಿಲ್ಲ.

ಈ ಸಲ ಪೆನ್ನು ತಡೆದದ್ದು ಸತ್ತವನ ಹೆಂಡತಿಯ ಒಂದು ಮಾತು. "ಮನೆ ನೀರಿನ ತೊಟ್ಟಿ ತೊಳೆಯೋಕೂ ಮೊದಲು ಮೇಣದಬತ್ತಿ ಇಳಿಸಿ, ಉರಿಯುತ್ತಾ ಅಂತ ನೋಡೋ ಮನುಷ್ಯ ಮೇಡಂ ಅವರು. ಮೀಟರ್ ಮರೆತ್ರು ಅಂತ ಬರೀಬೇಡಿ. ಬೇರೆ ಏನು ಬೇಕಾದ್ರೂ ಬರೀರಿ, ಅದೊಂದು ಬರೀಬೇಡಿ."

ಕಡತದಮ್ಮ ಮೆಲ್ಲಗೆ ಕುರ್ಚಿಗೆ ಜಾರಿ, ಕಡತದ ನಡುವಿನ ಹಾಳೆ ತೆರೆದಳು. ಸತ್ತವನು ಹೆಂಡತಿಗೆ ಕಳಿಸಿದ ಕೊನೆಯ ಮೆಸೇಜು. ಬೆಳಿಗ್ಗೆ ಹನ್ನೊಂದು ಗಂಟೆ ಹನ್ನೆರಡು ನಿಮಿಷ.

ಹಾಲು ಒಡೆದಿದೆ. ಕೆಳಗಿನವರಿಗೆ ಹೇಳು.

ಪಕ್ಕದಲ್ಲಿ ಪೊಲೀಸರ ಷರಾ: ಮನೆಯ ವಿಷಯ. ಪ್ರಕರಣಕ್ಕೆ ಸಂಬಂಧವಿಲ್ಲ.

ಒಂಬತ್ತು ದಿನ ಆ ಸಾಲಿನ ಮೇಲೆ ಆಕೆಯ ಕಣ್ಣು ಹಾಯ್ದಿತ್ತು. ಒಂಬತ್ತು ದಿನವೂ ಆಕೆಗೆ ಒಲೆ ಕಂಡಿತ್ತು, ಪಾತ್ರೆ ಕಂಡಿತ್ತು.

"ಸೀಸೆಯಕ್ಕ, ಈ ಹಾಲು ಒಡೆಯೋದು ಅಂದ್ರೆ ಏನು? ನನಗೆ ತಿಳಿಯೋ ಹಾಗೆ ಹೇಳಿ."

"ನೀವು ಓದಿದವರು, ನಾನೇನು ಹೇಳ್ಲಿ."

"ಓದಿದವರು ಒಂಬತ್ತು ದಿನ ಹೇಳಿದ್ದಾರೆ. ಏನೂ ತಿಳಿದಿಲ್ಲ."

ಸೀಸೆಯಕ್ಕನ ತುಟಿ ಸ್ವಲ್ಪ ಅರಳಿತು. "ಗಾಜಿನ ಪುಡಿ ಅಂದ್ಕೊಳ್ಳಿ. ಎಷ್ಟು ಸಣ್ಣ ಅಂದ್ರೆ, ಒಂದು ಕೂದಲಿನ ಅಡ್ಡಕ್ಕೆ ಸಾವಿರಾರು ಕಣ ಸಾಲಾಗಿ ನಿಲ್ತಾವಂತೆ. ಅದನ್ನ ಸಿಹಿನೀರಲ್ಲಿ ಕಲಸ್ತಾರೆ. ಕಣಕ್ಕೆ ಕಣ ಅಂಟಬಾರದು, ತೇಲ್ತಾ ಇರಬೇಕು. ಅದು ಬಂಡೆಯ ಸಂದಿಗೆ ಹೋಗಿ ಎಣ್ಣೆ ಬಿಡಿಸುತ್ತೆ. ಹಿಂದೇನೇ ಚಿಮಣಿ ಗ್ಯಾಸ್ ತಳ್ತಾರೆ. ಈ ಹಾಲು ನೊರೆಯಾಗಿ ಗ್ಯಾಸನ್ನ ಒಳಗೇ ಹಿಡಿದಿಡುತ್ತೆ. ಎಣ್ಣೆ ಮೇಲೆ, ಗ್ಯಾಸ್ ಕೆಳಗೆ."

"ಒಡೆದ್ರೆ?"

"ಉಪ್ಪುನೀರಲ್ಲಿ ಕಲಸಿದ್ರೆ ಒಡೆಯುತ್ತೆ. ಹುಳಿ ಹಿಂಡಿದ ಹಾಗೆ. ಮೇಲೆ ತಿಳಿನೀರು, ತಳದಲ್ಲಿ ಗಟ್ಟಿ. ಆ ಗಟ್ಟಿ ಬಂಡೆ ಗಂಟಲಿಗೆ ಸಿಕ್ಕಿಕೊಂಡ್ರೆ ಆಯ್ತು. ಅದಕ್ಕೇ ಈ ಕಪಾಟು."

ಕಪಾಟು ಬೆಚ್ಚಗಿತ್ತು. ನೆಲದಾಳದ ಬಿಸಿ ಎಷ್ಟೋ ಅಷ್ಟೇ ಬಿಸಿಯಲ್ಲಿ, ಪ್ರತಿ ದಿನದ ಮಿಶ್ರಣದಿಂದ ಒಂದೊಂದು ಸೀಸೆ ತುಂಬಿ, ತಾರೀಕು ಅಂಟಿಸಿ, ಹತ್ತಿಯ ಬಿರಡೆ ಹಾಕಿ ಸಾಲಾಗಿ ಕೂರಿಸಿದ್ದರು. ಅಲುಗಿಸುವಂತಿಲ್ಲ. ಸಾವಿನ ದಿನದ ಸೀಸೆಯನ್ನು ಕಂಪನಿ ಇವತ್ತು ಬೆಳಿಗ್ಗೆ ಆಕೆಗೆ ತೋರಿಸಿತ್ತು. ನೋಡಿ, ಮಿಶ್ರಣ ಶುದ್ಧವಾಗಿದೆ. ಸರಿಯಾಗಿಯೇ ಇತ್ತು. ತೆಳು ನೀಲಿ ಬೆರೆತ ಬಿಳುಪು, ಮೇಲಿಂದ ಕೆಳಗಿನವರೆಗೂ ಒಂದೇ ಸಮ.

ಹಾಲು ಒಡೆದಿದೆ ಎಂದು ಬರೆದು ಸತ್ತಿದ್ದ ಅವನು. ಸೀಸೆಯಲ್ಲಿ ಹಾಲು ಒಡೆದಿರಲಿಲ್ಲ.

"ಇದನ್ನ ನೋಡಿ ಒಂದ್ಸಲ." ಕಡತದಮ್ಮ ಬೆರಳಿಟ್ಟಳು.

ಸೀಸೆಯಕ್ಕ ಕನ್ನಡಕ ಹಣೆಗೇರಿಸಿ ಬಗ್ಗಿದಳು. ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇದು ಆವತ್ತಿನದಲ್ಲ."

"ತಾರೀಕು ಅದೇ ಇದೆಯಲ್ಲ."

"ಚೀಟಿ ಅದೇ. ಸೀಸೆ ಅದಲ್ಲ. ಮಿಕ್ಕವುಗಳ ಕತ್ತು ನೋಡಿ. ಈ ಶಾಖಕ್ಕೆ ದಿನಾ ಒಂದು ಕೂದಲಿನಷ್ಟು ನೀರು ಇಳಿಯುತ್ತೆ, ಇಳಿದಲ್ಲೆಲ್ಲ ಬಿಳಿ ಗೆರೆ ಒಣಗುತ್ತೆ. ಒಣಗಿದ್ರೆ ಮುಗೀತು, ಗಾಜಿಗೆ ಗಾಜು ಅಂಟಿದ ಹಾಗೆ. ತಿಕ್ಕಿ ತಿಕ್ಕಿ ನನ್ನ ಉಗುರು ಹೋಗಿದೆ." ಅವಳು ಬೆರಳು ಚಾಚಿ ತೋರಿಸಿದಳು. "ಹಿಂದಿನ ದಿನದ್ದಕ್ಕೆ ಗೆರೆ ಇದೆ. ಅದರ ಹಿಂದಿನದ್ದಕ್ಕೂ ಇದೆ. ಇದರ ಕತ್ತು ನೋಡಿ, ಎಳೆಮಗುವಿನ ಕೆನ್ನೆ ಇದ್ದ ಹಾಗಿದೆ. ಇದನ್ನ ಇಲ್ಲಿ ಇಟ್ಟು ಎರಡು ದಿನ ಆಗಿಲ್ಲ."

"ನಾನು ಮತ್ತೆ ಬರ್ತೀನಿ ಅಂತ ಕಚೇರಿಯಿಂದ ಹೇಳಿ ಎರಡು ದಿನ ಆಯ್ತು."

"ನನ್ನ ಯಾರು ಕೇಳ್ತಾರೆ ಮೇಡಂ. ಕೇಳಿದ್ರೆ ತಾನೇ ಹೇಳೋದು."

ಕಡತದಮ್ಮ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ ಹೊರಗೆ ಬಂದಳು. ಜಗುಲಿಯ ಬೆಂಚಿನ ಕೆಳಗೆ ಒಂದು ಜೊತೆ ಚಪ್ಪಲಿ ಕಾಲಿಗೆ ತಗುಲಿತು. ಟೈರಿನ ಅಟ್ಟೆ, ಹಸಿರು ದಾರದಲ್ಲಿ ಹೊಸದಾಗಿ ಹೊಲಿಗೆ ಹಾಕಿಸಿದ್ದು.

"ಕಡಗೋಲಿನದ್ದಾ?"

"ಅವನದ್ದು ಬೂಟು. ಇದು ಯಾರದ್ದೋ. ಗುಂಡಿ ಹತ್ತಿರ ಬಿಸಿಲಲ್ಲಿ ಬಿದ್ದಿತ್ತು, ತಂದಿಟ್ಟೆ. ಇಷ್ಟು ಗಟ್ಟಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮನೆಗೆ ಹೋದ ಪುಣ್ಯಾತ್ಮ ಯಾರೋ."

ಕಡತದ ಅಂಚಿನಲ್ಲಿ 'ಚಪ್ಪಲಿ' ಎಂದು ಬರೆದುಕೊಂಡಳು. ಯಾಕೆಂದು ಆಕೆಗೇ ತಿಳಿಯಲಿಲ್ಲ. ದಣಿದವರು ಕಂಡದ್ದನ್ನೆಲ್ಲ ಬರೆದಿಡುತ್ತಾರೆ, ಆಮೇಲೆ ನೋಡೋಣ ಎಂದು.

ಮೇಷ್ಟ್ರ ಕೋಣೆಗೆ ಹೋಗಬೇಕಾದರೆ ಅಂಗಳ ದಾಟಬೇಕು. ಅಂಗಳದ ನಡುವೆ ಕಂಪನಿಯ ಫಲಕ: ನಾವು ಆಕಾಶವನ್ನು ತೊಳೆಯುತ್ತೇವೆ. ಹೊಗೆಯನ್ನು ನೆಲಕ್ಕೆ ಇಳಿಸುತ್ತಾರೆ, ನಿಜ. ಅದು ತಳ್ಳಿದ ಎಣ್ಣೆ ಮೇಲೇರುತ್ತದೆ. ಆ ಎಣ್ಣೆ ಉರಿದು ಮತ್ತೆ ಹೊಗೆಯಾಗುತ್ತದೆ. ತೊಳೆದವರೂ ಅವರೇ, ಕೊಳೆ ಮಾಡಿದವರೂ ಅವರೇ. ಎರಡಕ್ಕೂ ಚಪ್ಪಾಳೆ ಅವರಿಗೇ. ನಡುವೆ ಗುಂಡಿಗೆ ಇಳಿಯುವವನ ಹೆಸರು ಮಾತ್ರ ಯಾವ ಫಲಕದ ಮೇಲೂ ಇಲ್ಲ.

ಮುಖ್ಯ ರಸಾಯನಜ್ಞ ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಕಂಪನಿಗೆ ಬಂದು ಹನ್ನೆರಡು ವರ್ಷವಾದರೂ ಮೇಷ್ಟ್ರೇ ಆಗಿ ಉಳಿದಿದ್ದ. ಕೋಣೆಯಲ್ಲಿ ಕಪ್ಪು ಹಲಗೆ, ಕಿಸೆಯಲ್ಲಿ ಸೀಮೆಸುಣ್ಣ. ಆಕೆ ಬಂದಾಗ ಎದ್ದು ನಿಂತ. ಮೇಜಿನ ಮೇಲೆ ಸೀಸೆ ಕಂಡ ಮೇಲೆ ಕೂತ.

"ಅದನ್ನ ಕಪಾಟಿನಿಂದ ತೆಗೀಬಾರದು. ಅಲುಗಿದ್ರೆ ಫಲಿತಾಂಶ ಕೆಡುತ್ತೆ."

"ಕೆಟ್ಟಿದೆ ಮೇಷ್ಟ್ರೇ. ನಾನು ಮುಟ್ಟೋ ಮೊದಲೇ."

"ನೋಡಿ, ಎಷ್ಟು ಚೆನ್ನಾಗಿ ತೇಲ್ತಾ ಇದೆ."

"ತೇಲ್ತಾ ಇದೆ. ಗೆರೆ ಎಲ್ಲಿ?"

"ಯಾವ ಗೆರೆ?"

ಆಕೆ ಕತ್ತು ತೋರಿಸಿದಳು. ಉಳಿದ ಸೀಸೆಗಳ ಕತ್ತಿನ ಕಥೆ ಹೇಳಿದಳು. ಮೇಷ್ಟ್ರು ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದ, ಮತ್ತೆ ತಿರುಗಿಸಿದ. ಕಣಗಳ ಮೈಮೇಲಿನ ಲೇಪ ಎಷ್ಟು ದಪ್ಪ ಎಂದು ಕಣ್ಣುಮುಚ್ಚಿ ಹೇಳಬಲ್ಲವನಿಗೆ ಆ ಗೆರೆ ಗೊತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಅವನು ಒಂದು ಸೀಸೆಯನ್ನೂ ತೊಳೆದಿರಲಿಲ್ಲ.

"ಯಾರು ಹೇಳಿದ್ದು ನಿಮಗೆ?"

"ತೊಳೆಯೋರು."

ಅವನು ನಕ್ಕ ಹಾಗೆ ಮಾಡಿದ. ನಗು ಬರಲಿಲ್ಲ.

"ಆ ದಿನ ಮಿಶ್ರಣಕ್ಕೆ ಯಾವ ನೀರು ಹಾಕಿದ್ರಿ ಮೇಷ್ಟ್ರೇ?"

"ದಾಖಲೆಯಲ್ಲಿದೆ."

"ದಾಖಲೆಯಲ್ಲಿ ಸಿಹಿನೀರು ಅಂತಿದೆ. ನಾನು ಕೇಳಿದ್ದು ಪೈಪಿನಲ್ಲಿ ಯಾವುದಿತ್ತು ಅಂತ."

ಮೇಷ್ಟ್ರು ಎದ್ದು ಹಲಗೆಯ ಕಡೆ ತಿರುಗಿದ. ಮುಖ ತೋರಿಸದೆ ಮಾತಾಡುವುದು ಅವನಿಗೆ ಸುಲಭ ಇರಬೇಕು.

"ಸಿಹಿನೀರಿನ ಪೈಪು ಒಡೆದು ಮೂರು ದಿನ ಆಗಿತ್ತು. ತುಂಬಿಟ್ಟಿದ್ದ ನೀರು ಅವತ್ತಿಗೆ ಮುಗೀತು. ಪಂಪು ನಿಲ್ಲಿಸೋ ಹಾಗಿಲ್ಲ ಅಂದ್ರು. ಬಾವಿಯಿಂದ ಎಣ್ಣೆ ಜೊತೆ ಬರೋ ಉಪ್ಪುನೀರು ಇದೆಯಲ್ಲ, ಅದನ್ನೇ ತಿರುಗಿಸಿ ಅಂದ್ರು. ನಾನು ಬೇಡ ಅಂದೆ."

"ಬರೆದು ಅಂದ್ರಾ, ಬಾಯಲ್ಲಿ ಅಂದ್ರಾ?"

ಸೀಮೆಸುಣ್ಣ ಹಲಗೆಯ ಮೇಲೆ ಒಂದು ಚುಕ್ಕಿಯಾಗಿ ನಿಂತಿತು.

"ಬಾಯಲ್ಲಿ."

"ಆಮೇಲೆ?"

ಅವನು ಚಿತ್ರ ಬರೆದ. ಉದ್ದ ಗೆರೆ, ಬಾವಿ. ಅಡ್ಡ ಗೆರೆ, ಬಂಡೆ. "ಒಡೆದ ಹಾಲು ಇಲ್ಲಿ ಗಟ್ಟಿಯಾಯ್ತು. ಗಂಟಲು ಕಟ್ಟಿತು. ಒತ್ತಡ ಏರಿತು. ಹಿಂದಿನಿಂದ ಗ್ಯಾಸ್ ತಳ್ತಾನೇ ಇದ್ದಾರೆ. ಅದಕ್ಕೆ ದಾರಿ ಬೇಕು." ಪಕ್ಕದಲ್ಲಿ ಇನ್ನೊಂದು ಉದ್ದ ಗೆರೆ ಎಳೆದ. "ಇದು ಹಳೇ ಬಾವಿ. ಮುಚ್ಚಿ ಮೂವತ್ತು ವರ್ಷ ಆಗಿದೆ. ಒಳಗಿನ ಸಿಮೆಂಟು ಬಿರುಕು. ಗ್ಯಾಸು, ಹಾಲು, ಎರಡೂ ಈ ದಾರಿ ಹಿಡಿದು ಮೇಲೆ ಬಂದು ಗುಂಡಿ ತುಂಬಿದ್ವು."

ಆ ಗುಂಡಿಯನ್ನು ಆಕೆ ಬೆಳಿಗ್ಗೆ ನೋಡಿದ್ದಳು. ನಾಲ್ಕು ಕಡೆ ಕಾಂಕ್ರೀಟು, ಎರಡಾಳು ಆಳ. ಅರ್ಧಕ್ಕೆ ಮೊಸರಿನಂಥ ಬಿಳಿ ನಿಂತಿತ್ತು, ಅಲುಗದೆ. ಹಗ್ಗಕ್ಕೆ ಕಟ್ಟಿ ಇಳಿಸಿದ ದೀಪ ಬಿಳಿಯನ್ನು ಮುಟ್ಟುವ ಮೊದಲೇ ಆರಿತ್ತು. ಕಡಗೋಲಿನ ಹೆಣವನ್ನು ಕೂಡ ಮೇಲಿನಿಂದಲೇ ಕೊಕ್ಕೆ ಹಾಕಿ ಎತ್ತಿದ್ದರು. ಆಮೇಲೆ ಯಾರೂ ಇಳಿದಿರಲಿಲ್ಲ.

"ಅವನಿಗೆ ಇದೆಲ್ಲ ಗೊತ್ತಿತ್ತಾ?"

"ನನಗಿಂತ ಮೊದಲು ಗೊತ್ತಾಗಿದ್ದು ಅವನಿಗೇ. ಹನ್ನೊಂದಕ್ಕೆ ಸೀಸೆ ಹಿಡ್ಕೊಂಡು ಬಂದ, 'ಮೇಷ್ಟ್ರೇ, ಹಾಲು ಒಡೆದಿದೆ' ಅಂದ. ನಾನು ಮೇಲಿನವರಿಗೆ ಫೋನ್ ಮಾಡ್ತೀನಿ ಅಂದೆ."

"ಮಾಡಿದ್ರಾ?"

"ಕೈಲಿದ್ದ ಕೆಲಸ ಮುಗಿಸೋ ಅಷ್ಟರಲ್ಲಿ ಊಟದ ಹೊತ್ತಾಯ್ತು. ಆಮೇಲೆ ಮಾಡೋಣ ಅಂತ." ಅವನು ಸೀಮೆಸುಣ್ಣ ಕೆಳಗಿಟ್ಟ. ಬೆರಳಿನ ಬಿಳಿಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಹನ್ನೆರಡೂ ಮುಕ್ಕಾಲಿಗೆ ಸುದ್ದಿ ಬಂತು."

ಕೋಣೆಯ ಪಂಖ ತಿರುಗುತ್ತಿತ್ತು. ಕಡತದಮ್ಮನಿಗೆ ಸಿಟ್ಟು ಬರಬೇಕಿತ್ತು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಎಷ್ಟೋ ಊಟದ ಹೊತ್ತುಗಳನ್ನು ಕಂಡಿದ್ದಳು. ಸಿಟ್ಟು ಒಳಗೆಲ್ಲೋ ಇತ್ತು. ಮೇಲೆ ಬರುವಷ್ಟು ಕಸುವು ಅದಕ್ಕೂ ಉಳಿದಿರಲಿಲ್ಲ.

"ನಿಜವಾದ ಸೀಸೆ ಎಲ್ಲಿ?"

"ಚೆಲ್ಲಿಬಿಡಿ ಅಂದ್ರು."

"ಚೆಲ್ಲಿದ್ರಾ?"

ಮೇಷ್ಟ್ರು ಮೇಜಿನ ಕೆಳಗಿನ ಡ್ರಾಯರ್ ಎಳೆದ. ಹಳೆಯ ಟವೆಲ್ಲಿನೊಳಗಿಂದ ಸೀಸೆ ಹೊರಬಂತು. ಕತ್ತಿನಲ್ಲಿ ಬಿಳಿ ಗೆರೆಗಳು. ಒಳಗೆ ಮೇಲಿನ ಮುಕ್ಕಾಲು ಭಾಗ ತಿಳಿನೀರು. ತಳದಲ್ಲಿ ಎರಡು ಬೆರಳು ದಪ್ಪ ಗಟ್ಟಿ.

"ಯಾಕೆ ಇಟ್ಕೊಂಡ್ರಿ?"

"ಫಲಿತಾಂಶ ಇಷ್ಟ ಆಗಲಿಲ್ಲ ಅಂತ ಯಾವತ್ತೂ ಚೆಲ್ಲಬಾರದು ಅಂತ ಮಕ್ಕಳಿಗೆ ಹೇಳಿಕೊಟ್ಟವನು ನಾನು."

"ಬಚ್ಚಿಡಬಾರದು ಅಂತ ಹೇಳಿಕೊಟ್ಟಿರಲಿಲ್ಲವಾ?"

ಆಕೆ ಎರಡೂ ಸೀಸೆಗಳನ್ನು ಚೀಲಕ್ಕೆ ಸೇರಿಸಿದಳು.

"ಎರಡು ಪ್ರಶ್ನೆ ಉಳಿದಿದೆ ಮೇಷ್ಟ್ರೇ. ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ಮೀಟರ್ ಇಲ್ಲದೆ ಯಾಕೆ ಇಳಿದ?"

"ಅದೇ ನನಗೂ ತಿಳೀತಿಲ್ಲ. ನಿಮ್ಮಾಣೆಗೂ ತಿಳೀತಿಲ್ಲ. ನಮ್ಮೆಲ್ಲರಿಗಿಂತ ಹೆದರುಪುಕ್ಕಲ ಅವನು."

"'ಕೆಳಗಿನವರಿಗೆ ಹೇಳು' ಅಂತ ಹೆಂಡತಿಗೆ ಬರೆದಿದ್ದಾನೆ. ಕೆಳಗಿನವರು ಅಂದ್ರೆ ಯಾರು?"

ಮೇಷ್ಟ್ರು ಕಿಟಕಿಯ ಕಡೆ ಕೈ ತೋರಿಸಿದ. ಬೇಲಿಯಾಚೆ ನೆಲ ಇಳಿಜಾರಾಗಿ ಹೋಗಿ, ತಗ್ಗಿನಲ್ಲಿ ತಗಡಿನ ಮಾಡುಗಳು ಒತ್ತೊತ್ತಾಗಿ ಕಾಣುತ್ತಿದ್ದವು. "ಆ ಓಣಿಯವರು ಇರಬೇಕು. ಈ ಗ್ಯಾಸು ಗಾಳಿಗಿಂತ ಭಾರ. ತಗ್ಗು ಹುಡುಕ್ಕೊಂಡು ಹೋಗುತ್ತೆ."

"ನಾಳೆ ಪಂಪು ಶುರು ಆದ್ರೆ?"

"ಗುಂಡಿಗೆ ಸಿಮೆಂಟು ಹಾಕ್ತಾರಲ್ಲ. ಈ ದಾರಿ ಮುಚ್ಚುತ್ತೆ." ಅವನು ತನ್ನದೇ ಚಿತ್ರವನ್ನು ನೋಡಿದ. "ಇನ್ನೊಂದು ಹುಡುಕುತ್ತೆ."

ಆಕೆ ಬಾಗಿಲ ಬಳಿ ನಿಂತು ಕೇಳಿದಳು. "ಅವತ್ತು ಗುಂಡಿಗೆ ಇಳಿದದ್ದು ಅವನೊಬ್ಬನೇ ತಾನೇ?"

"ನಮ್ಮ ರಿಜಿಸ್ಟರ್‌ನಲ್ಲಿ ಒಬ್ಬನೇ."

ಜೀಪಿನಲ್ಲಿ ಕೂತು ಆಕೆ ಮೇಲಧಿಕಾರಿಗೆ ಫೋನ್ ಮಾಡಿದಳು. ನಾಲ್ಕಕ್ಕೆ ಹತ್ತು ನಿಮಿಷ.

"ಸೀಸೆ ಕತ್ತಿನ ಗೆರೆ, ಯಾರದೋ ಬಾಯಿಮಾತು ನಂಬ್ಕೊಂಡು ನಾನು ಸಿಮೆಂಟು ನಿಲ್ಲಿಸ್ಲಾ?" ಆ ಕಡೆಯ ದನಿಯೂ ದಣಿದಿತ್ತು, ಅದು ಬೇರೆ ಬಗೆಯ ದಣಿವು, ಊಟ ಮುಗಿಸಿದವರದು. "ನಿಮಗೆ ಎಷ್ಟು ಸಲ ಹೇಳೋದು ತಾಯಿ. ಆ ಮೆಸೇಜು ಇರೋ ಫೋನನ್ನ ಹೆಂಡತಿ ಕೈಯಿಂದ ತಗೊಳ್ಳಿ, ಅವಳ ಹೇಳಿಕೆ ತಗೊಳ್ಳಿ. ಐದರ ಒಳಗೆ ತಂದ್ರೆ ನೋಡೋಣ. ಇಲ್ಲಾಂದ್ರೆ ಸಹಿ ಮಾಡಿ ಮುಗಿಸಿ."

ಕಡಗೋಲಿನ ಮನೆ ಮೊದಲ ಮಹಡಿಯಲ್ಲಿತ್ತು. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಮಂಡಿ ಲೆಕ್ಕ ಕೇಳಿತು. ನೆಲಮಹಡಿಯ ಬಾಗಿಲ ಮುಂದೆ ಹಾಲಿನ ಕ್ಯಾನುಗಳನ್ನು ಬೋರಲು ಹಾಕಿದ್ದರು. ಅಲ್ಲಿದ್ದ ಹೆಂಗಸು ತಲೆಯೆತ್ತಿ ನೋಡಿ, ಮೇಲಿನ ಮನೆಗೆ ಬಂದವರೆಂದು ತಿಳಿದು ಮುಖ ತಿರುಗಿಸಿದಳು.

ಮೇಲೆ, ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹೊಲಿಯುತ್ತಿರಲಿಲ್ಲ. ಸೂಜಿಯ ಕೆಳಗಿದ್ದ ಬಟ್ಟೆ ಒಂಬತ್ತು ದಿನದ ಹಿಂದಿನದೇ.

"ಬರೆದ್ರಾ ಮೇಡಂ? ಆ ಪದ?"

"ಇನ್ನೂ ಇಲ್ಲ." ಕಡತದಮ್ಮ ಎದುರು ಕೂತಳು. ನಿಧಾನವಾಗಿ ಹೇಳಿದಳು: ಹಾಲು ಎಂದರೆ ಯಾವ ಹಾಲು, ಒಡೆಯುವುದೆಂದರೆ ಏನು. ಚೀಲದಿಂದ ಸೀಸೆ ತೆಗೆದು ತೋರಿಸಿದಳು.

ಹೆಂಡತಿ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದಳು.

"ಇದಾ?"

"ಇದು. ಮನೆಯಲ್ಲಿ ಯಾವತ್ತೂ ಹೇಳಿರಲಿಲ್ವಾ?"

"ಕೆಲಸದ ಮಾತು ಮನೆಗೆ ತರ್ತಿರಲಿಲ್ಲ. ಮೈಯೆಲ್ಲ ಆ ಯಂತ್ರದ ಸದ್ದೇ ತುಂಬಿಕೊಂಡು ಬರ್ತಿದ್ರು, ಒಂದು ಗಂಟೆ ಮಾತೇ ಇರ್ತಿರಲಿಲ್ಲ. ಆ ಸದ್ದಿಗೆ ಅಲ್ಲಿಂದ ಫೋನಲ್ಲಿ ಮಾತಾಡೋಕೂ ಆಗಲ್ಲ. ಎರಡು ಮಾತು ಬರೆದು ಕಳಿಸ್ತಿದ್ರು. ಯಾವತ್ತೂ ಎರಡೇ." ಅವಳು ಸೀಸೆ ಕೆಳಗಿಟ್ಟಳು. "ದಿನಾ ಚಹಾಕ್ಕೆ ಅಂತ ಸಣ್ಣ ಡಬ್ಬಿಯಲ್ಲಿ ಹಾಲು ಒಯ್ಯೋರು ಮೇಡಂ. ನಾನು ಅದು ಅಂದ್ಕೊಂಡೆ. ಕೆಳಗಿನವಳ ಹಾಲು ಕೆಟ್ಟಿದೆ, ಹೋಗಿ ಹೇಳು ಅಂತಿದ್ದಾರೆ ಅಂದ್ಕೊಂಡೆ."

"ಹೇಳಿದ್ರಾ?"

"ಜಗಳ ಆಡ್ದೆ." ಅವಳ ದನಿ ಸಣ್ಣಗಾಯಿತು. "ನೀರು ಬೆರೆಸೋದು ಸಾಲದು ಅಂತ ಹಳಸಿದ್ದು ಕೊಡ್ತೀಯಾ ಅಂದೆ. ಅವಳು ಬಿಡ್ತಾಳಾ. ಬೀದಿ ಎಲ್ಲ ಸೇರ್ತು. ಮೇಲೆ ಬಂದು, ಉಳಿದ ಹಾಲು ಕಾಯಿಸಿದೆ. ಒಡೆಯಲೇ ಇಲ್ಲ. ಕೆಳಗೆ ಹೋಗಿ ತಪ್ಪಾಯ್ತು ಅನ್ನಬೇಕಿತ್ತು, ಮನಸ್ಸು ಬರಲಿಲ್ಲ. ಅಷ್ಟರಲ್ಲಿ..." ಯಂತ್ರದ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದಳು. "ಅವರು ಅಲ್ಲಿ ಸಾಯ್ತಿದ್ರು. ನಾನು ಇಲ್ಲಿ ಹಾಲಿಗೆ ಜಗಳ ಆಡ್ತಿದ್ದೆ."

ಕಡತದಮ್ಮನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಬಂದಿದ್ದರೆ ಈ ಕೆಲಸದಲ್ಲಿ ಇಷ್ಟು ವರ್ಷ ಉಳಿಯುತ್ತಿರಲಿಲ್ಲ.

"ಅವರು ಹೇಳಿದ್ದು ತಗ್ಗಿನ ಓಣಿಯವರಿಗೆ ಇರಬೇಕು."

"ಓಣಿಯವರಿಗಾ?" ಹೆಂಡತಿ ಹುಬ್ಬು ಗಂಟಿಕ್ಕಿದಳು. "ಅಲ್ಲಿ ನನಗೆ ಒಬ್ಬರೂ ಗೊತ್ತಿಲ್ಲ ಮೇಡಂ. ಅವರಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಕೆಳಗಿನವರು ಅಂದ್ರೆ ಕೆಳಗಿನವರೇ."

ಅವಳು ಫೋನು ಕೊಟ್ಟಳು. ಹೇಳಿಕೆಗೆ ರುಜು ಹಾಕಿದಳು. ಕಡತದಮ್ಮ ಕಂಬಿ ಹಿಡಿದು ಇಳಿದಳು. ನಾಲ್ಕೂವರೆ. ಕಚೇರಿಗೆ ಇಪ್ಪತ್ತು ನಿಮಿಷದ ದಾರಿ. ಇಷ್ಟರ ಮಟ್ಟಿಗೆ ಗೆದ್ದ ಹಾಗೆ ಎಂದು ಆಕೆಗೆ ಅನ್ನಿಸತೊಡಗಿತ್ತು. ಗೆಲುವಿನ ರುಚಿ ಮರೆತುಹೋಗಿದ್ದರಿಂದ ಅದನ್ನು ನಂಬಲಾಗಲಿಲ್ಲ.

"ಮೇಡಂ." ನೆಲಮಹಡಿಯ ಹೆಂಗಸು ದಾರಿಗೆ ಅಡ್ಡ ನಿಂತಿದ್ದಳು. "ಮೇಲಿನವಳಿಗೆ ಒಂದು ಮಾತು ಹೇಳ್ತೀರಾ? ಗಂಡನ್ನ ಕಳ್ಕೊಂಡವಳು, ನಾನಾಗಿ ಬಾಯಿ ತೆಗೀಬಾರದು. ಆದ್ರೂ ಹೇಳಿ. ಅವತ್ತು ನನ್ನ ಹಾಲು ಒಡೆದಿರಲಿಲ್ಲ."

"ಅವರಿಗೆ ಗೊತ್ತು."

"ಗೊತ್ತಾ?" ಹೆಂಗಸಿನ ಮುಖ ಬಿಚ್ಚಿಕೊಂಡಿತು. "ಸದ್ಯ. ನಮ್ಮವರು ಬಂದ ಮೇಲೆ ಅವರಿಗೂ ಹೇಳ್ತೀನಿ. ಅವತ್ತು ನಾವಿಬ್ಬರೂ ಕಚ್ಚಾಡ್ತಿದ್ರೆ ಇಲ್ಲೇ ಹೊಸಿಲಲ್ಲಿ ಕೂತು ಚಪ್ಪಲಿ ಹಾಕ್ಕೊಳ್ತಾ ನಗ್ತಿದ್ರು. 'ಒಡೆದ ಹಾಲಿಗೆ ಸಕ್ಕರೆ ಹಾಕಿ ತಿನ್ನಿ, ಇಬ್ಬರ ಬಾಯೂ ಸಿಹಿಯಾಗುತ್ತೆ' ಅಂತ ಅಂದುಬಿಟ್ಟು ಹೋದ್ರು."

ಕಡತದಮ್ಮ ಮುಂದಿಟ್ಟಿದ್ದ ಹೆಜ್ಜೆಯನ್ನು ಹಿಂದೆಗೆದಳು.

"ಎಲ್ಲಿಗೆ ಹೋದ್ರು?"

"ಕೆಲಸಕ್ಕೆ. ಅಲ್ಲಿಗೇ, ಎಣ್ಣೆಬಾವಿಗೆ. ಮೇಲಿನ ಅಣ್ಣನ ಹಾಗೆ ಕಾಯಂ ಅಲ್ಲ. ಗುತ್ತಿಗೆ. ಚರಂಡಿ, ಗುಂಡಿ ಬಳಿಯೋದು. ಕರೆದಾಗ ಹೋಗೋದು. ಅವತ್ತು ಯಾವುದೋ ಗುಂಡಿ ತೂಬು ಕಟ್ಟಿಕೊಂಡಿದೆ, ಹನ್ನೆರಡಕ್ಕೆ ಬಾ ಅಂದಿದ್ರು. ಬೆಳಿಗ್ಗೆ ಅಣ್ಣನ ಜೊತೇಲೇ ಮಾತಾಡಿದ್ರಲ್ಲ, ಮಧ್ಯಾಹ್ನ ಬರ್ತೀನಿ, ಅಲ್ಲೇ ಸಿಗೋಣ ಅಂತ."

"ಅವರ ಹತ್ತಿರ ಫೋನ್ ಇಲ್ವಾ?"

"ಗುತ್ತಿಗೆಯವರ ಫೋನನ್ನ ಗೇಟಲ್ಲೇ ಇಟ್ಕೊಳ್ತಾರೆ, ಅದಕ್ಕೆ ಇವರು ಮನೇಲೇ ಬಿಟ್ಟು ಹೋಗ್ತಾರೆ. ನೋಡಿ, ಅಲ್ಲೇ ಗೂಟಕ್ಕೆ ನೇತಾಡ್ತಿದೆ. ಅಣ್ಣನ ಹತ್ತಿರ ನಮ್ಮ ನಂಬರೂ ಇಲ್ಲ. ಏನಾದ್ರೂ ಹೇಳೋದಿದ್ರೆ ಮೇಲಿನವಳಿಗೆ ಕಳಿಸ್ತಿದ್ರು, ಅವಳು ಬಂದು ಹೇಳ್ತಿದ್ಲು."

ನಮ್ಮ ರಿಜಿಸ್ಟರ್‌ನಲ್ಲಿ ಒಬ್ಬನೇ. ನಮ್ಮ, ಅಂದಿದ್ದ ಮೇಷ್ಟ್ರು.

"ಈಗ ಎಲ್ಲಿದ್ದಾರೆ ನಿಮ್ಮವರು?"

"ದೂರದ ಬಾವಿಗೆ ಕಳಿಸಿದ್ದಾರಂತೆ, ಹದಿನೈದು ದಿನಕ್ಕೆ. ಅಲ್ಲಿ ಫೋನು ಸಿಗಲ್ವಂತೆ. ಮಾರನೇ ದಿನ ಗುತ್ತಿಗೆದಾರನೇ ಬಂದು ಹೇಳಿಹೋದ. ಇವರು ಹೀಗೇ ಮೇಡಂ, ಹೋದ್ರೆ ಹೋದ್ರು. ಬಟ್ಟೆನೂ ಒಯ್ದಿಲ್ಲ. ಹೊಸ ಅಟ್ಟೆ ಹಾಕಿಸಿಕೊಟ್ಟಿದ್ದೆ ಅನ್ನೋದೇ ಸಮಾಧಾನ."

"ಯಾವ ಅಟ್ಟೆ?"

"ಚಪ್ಪಲಿದು. ಟೈರಿಂದು. ಚಮ್ಮಾರನ ಹತ್ತಿರ ಕಪ್ಪು ದಾರ ಮುಗಿದಿತ್ತು, ಹಸಿರು ದಾರ ಹಾಕಿದ. ಗಿಳಿ ಕಾಲು ಅಂತ ನಾನು ಆಡಿಕೊಂಡಿದ್ದೆ."

ಕಡತದಮ್ಮ ಕಡತದ ಅಂಚಿನಲ್ಲಿ ತಾನು ಬರೆದಿದ್ದ 'ಚಪ್ಪಲಿ'ಯ ಮೇಲೆ ಬೆರಳಿಟ್ಟಳು. ಅರ್ಧ ಗುಂಡಿಯವರೆಗೆ ನಿಂತ ಬಿಳಿ ಕಣ್ಣ ಮುಂದೆ ಬಂತು. ಒಂಬತ್ತು ದಿನದಿಂದ ಯಾರೂ ಅದರ ತಳ ನೋಡಿರಲಿಲ್ಲ.

ಮೇಲೆ ಮೆಟ್ಟಿಲಿನ ತುದಿಯಲ್ಲಿ ಕಡಗೋಲಿನ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಮಾತೆಲ್ಲ ಕೇಳಿಸಿಕೊಂಡಿರಬೇಕು. ಅವಳು ಒಂದು ಮೆಟ್ಟಿಲು ಇಳಿದಳು.

"ಮೇಣದಬತ್ತಿ ಇಳಿಸಿ ನೋಡೋಕೆ ಅವರಿಗೆ ಹೊತ್ತಿರಲಿಲ್ಲ ಮೇಡಂ. ಅಲ್ವಾ? ಒಳಗೆ ಆಗಲೇ ಯಾರೋ ಇದ್ರು."

ಕೆಳಗಿನವಳು ಮೇಲೆ ನೋಡಿದಳು, ಕಡತದಮ್ಮನನ್ನು ನೋಡಿದಳು. ಏನೂ ತಿಳಿಯಲಿಲ್ಲ. ಮೇಲಿನವಳು ಒಂಬತ್ತು ದಿನದ ಮೇಲೆ ಅವಳ ಮುಂದೆ ಬಾಯಿ ತೆರೆದಿದ್ದಳು, ಅಷ್ಟೇ ಅವಳಿಗೆ ಸಾಕಾಗಿತ್ತು. ಒಳಗೆ ಹೋಗಿ ಬೇಗ ಬೇಗ ಲೋಟ ತಂದಳು.

ಬೀದಿಯ ತಿರುವಿನಲ್ಲಿ ದೊಡ್ಡ ಸದ್ದು. ಹೊಟ್ಟೆ ತಿರುಗಿಸುತ್ತಾ ಸಿಮೆಂಟಿನ ಲಾರಿ ಎಣ್ಣೆಬಾವಿಯ ರಸ್ತೆಗೆ ಹೊರಳಿತು. ಹಿಂದೆಯೇ ಇನ್ನೊಂದು. ಕಡತದಮ್ಮ ಮೇಲಧಿಕಾರಿಗೆ ಫೋನ್ ಮಾಡುತ್ತಲೇ ಇದ್ದಳು, ಆ ಕಡೆ ಯಾರೂ ಎತ್ತುತ್ತಿರಲಿಲ್ಲ.

"ಇಬ್ಬರೂ ಕುಡೀರಿ, ಬೆಳಿಗ್ಗೆದು, ಕಾಯಿಸಿದ್ದೀನಿ," ಎಂದು ಕೆಳಗಿನವಳು ಲೋಟವನ್ನು ಮುಂದೆ ಹಿಡಿದಳು. "ನೀವೇ ನೋಡಿ ಮೇಡಂ. ಒಡೆದಿದೆಯಾ?"

ಲೋಟದ ತುಂಬ ಬಿಳಿ. ತಳ ಕಾಣುತ್ತಿರಲಿಲ್ಲ.